ಉಕ್ತಲೇಖನ ಎಷ್ಟು ಉದ್ದ ಇರಬೇಕು?

(ಬಾಂದ್ರಾ ಪಶ್ಚಿಮ, ಹಿಲ್ ರೋಡಿಗೆ ಹತ್ತಿರದ ಒಂದು ಕ್ಲಿನಿಕ್. ಸೊಸೆ ಕ್ಲಿನಿಕಲ್ ಸೈಕಾಲಜಿಸ್ಟ್. ಮಿದುಳಿಗೆ ಪೆಟ್ಟಾದವರ ನೆನಪು, ಮಾತು, ಬರವಣಿಗೆಯನ್ನು ಪರೀಕ್ಷಿಸುವುದು ಅವಳ ಕೆಲಸ. ಸೋದರಮಾವ ಮುಂಬಯಿ ಮಹಾನಗರಪಾಲಿಕೆಯ ಕನ್ನಡ ಮಾಧ್ಯಮ ಶಾಲೆಯಲ್ಲಿ ಕಲಿಸಿ ನಿವೃತ್ತರಾದವರು. ಮೇಜಿನ ಮೇಲೆ ಅವಳೇ ಕಟ್ಟಿಕೊಂಡ 40 ಕನ್ನಡ ಪದಗಳ ಪಟ್ಟಿ.)

ಮಾವ: ಇದರಲ್ಲಿ ಹತ್ತು ಉಳಿಸಿ ಮೂವತ್ತು ಹೊಡೆದುಹಾಕಲಿಕ್ಕೆ ನನ್ನನ್ನು ಕರೆದದ್ದಾ?

ಸೊಸೆ: ಹತ್ತೇ ಆಗಬೇಕು ಅಂತ ಇಲ್ಲ ಮಾವ. ಆದರೆ ನಲವತ್ತು ನಡೆಯುತ್ತಿಲ್ಲ. ಸ್ಟ್ರೋಕ್ ಆಗಿ ಕೆಲವೇ ವಾರ ಕಳೆದಿರುತ್ತದೆ, ಬಲಗೈ ಏಳುವುದಿಲ್ಲ, ಎಡಗೈಯಲ್ಲಿ ಪೆನ್ಸಿಲ್ ಹಿಡಿದು ಕೂತಿರುತ್ತಾರೆ. ಸ್ವಲ್ಪ ಹೊತ್ತಿಗೆ ಹಣೆಯಲ್ಲಿ ಬೆವರು. ಆಮೇಲೆ ಹಿಂದಿನ ಪದದ ಅಕ್ಷರವೇ ಮುಂದಿನ ಪದದಲ್ಲೂ ಬರಲಿಕ್ಕೆ ಶುರು. ಮೂವತ್ತನೆಯ ಪದದಲ್ಲಿ ಆದ ತಪ್ಪು ಮಿದುಳಿನ ಗಾಯದ್ದೋ ದಣಿವಿನದ್ದೋ ನಾನು ಹೇಗೆ ಹೇಳಲಿ? ಉದ್ದದ ಪರೀಕ್ಷೆಯೇ ಹೆಚ್ಚು ನಿಖರ ಅನ್ನುವುದು ದಣಿಯದವರ ಮಟ್ಟಿಗೆ ಮಾತ್ರ ನಿಜ. ಅಲ್ಲದೆ ಇದೊಂದೇ ಅಲ್ಲ, ನೆನಪು, ಗಮನ, ಚಿತ್ರ ಗುರುತಿಸುವುದು, ಲೆಕ್ಕ ಎಲ್ಲವೂ ಅದೇ ದಿನ ಆಗಬೇಕು.

ಮಾವ: ಹಾಗಾದರೆ ಉಕ್ತಲೇಖನವನ್ನೇ ಬಿಟ್ಟುಬಿಡು. ಒಂದು ಪುಟ ಓದಿಸಿದರೆ ಗೊತ್ತಾಗುವುದಿಲ್ವಾ?

ಸೊಸೆ: ಓದು ಹೋಗಿ ಬರಹ ಉಳಿದವರು ಇದ್ದಾರೆ. ಹೇಳಿದ್ದನ್ನು ಸರಿಯಾಗಿ ಬರೆಯುತ್ತಾರೆ, ತಾವೇ ಬರೆದದ್ದನ್ನು ಮರುಗಳಿಗೆಯಲ್ಲಿ ಓದಲಾರರು. 1892ರಲ್ಲೇ ಪ್ಯಾರಿಸ್ಸಿನಲ್ಲಿ ದೆಜೆರಿನ್ ಎಂಬ ಡಾಕ್ಟರು ಅಂಥವರೊಬ್ಬರ ವಿವರ ಕೊಟ್ಟರು. ಕನ್ನಡ, ಇಂಗ್ಲಿಷ್ ಎರಡೂ ಬಲ್ಲ ಒಬ್ಬರಲ್ಲಿ ಇದೇ ತೊಂದರೆ ಕಂಡದ್ದನ್ನು ಪ್ರತಿಭಾ ಕಾರಂತರು 1981ರಲ್ಲಿ ‘ಕಾರ್ಟೆಕ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ್ದಾರೆ. ಇನ್ನು ಬರಹ ಕೆಟ್ಟಾಗ ಜೊತೆಗೆ ಲೆಕ್ಕ, ಬೆರಳುಗಳ ಗುರುತು, ಎಡ–ಬಲದ ತಿಳಿವು ಒಟ್ಟಿಗೆ ಕೆಡುವುದನ್ನು 1920ರ ದಶಕದಲ್ಲಿ ವಿಯೆನ್ನಾದ ಗೆರ್ಸ್ಟ್‌ಮನ್ ಎಂಬ ಡಾಕ್ಟರು ಕಂಡುಕೊಂಡರು. ಎಡ ಮಿದುಳಿನ ಹಿಂಬದಿಯ ಒಂದು ಸಣ್ಣ ಜಾಗಕ್ಕೆ ಅದು ಬೆರಳು ತೋರಿಸುತ್ತದೆ. ಓದಿಸಿ ನೋಡಿದರೆ ಅದು ಸಿಕ್ಕುವುದಿಲ್ಲ.

ಮಾವ: ನಾನು ಇಷ್ಟು ವರ್ಷ ಹೇಳಿ ಬರೆಸಿದ್ದು ಮಾರ್ಕು ಕೊಡಲಿಕ್ಕೆ. ನೀನು ಬರೆಸುವುದು ಗಾಯ ಹುಡುಕಲಿಕ್ಕೆ ಅಂದ ಹಾಗಾಯಿತು.

ಸೊಸೆ: ಹೌದು. ಎಷ್ಟು ತಪ್ಪು ಅನ್ನುವುದಕ್ಕಿಂತ ಎಂಥ ತಪ್ಪು ಅನ್ನುವುದು ನನಗೆ ಮುಖ್ಯ. ಅತಿ ಚಿಕ್ಕ ಉಕ್ತಲೇಖನ ಯಾವುದು ಗೊತ್ತಾ? 1901ರ ನವೆಂಬರಿನಲ್ಲಿ ಫ್ರಾಂಕ್‌ಫರ್ಟಿನ ಆಸ್ಪತ್ರೆಯಲ್ಲಿ ಆಲ್ಜೈಮರ್ ಎಂಬ ಡಾಕ್ಟರು ಆಗಸ್ಟೆ ಎಂಬ 51 ವರ್ಷದ ಹೆಂಗಸಿಗೆ ಅವಳ ಹೆಸರನ್ನೇ ಬರೆಯಲಿಕ್ಕೆ ಹೇಳಿದರು. ‘ಶ್ರೀಮತಿ’ ಅನ್ನುವಷ್ಟು ಬರೆದು ನಿಂತಳು, ಮುಂದಿನದು ಮರೆತುಹೋಗಿತ್ತು. ಒಂದೊಂದು ಪದವನ್ನೂ ಮತ್ತೆ ಹೇಳಬೇಕಾಯಿತು. ಡಾಕ್ಟರು ಹಾಳೆಯನ್ನು ಕಡತದಲ್ಲಿ ಇಟ್ಟರು. ಅಲ್ಲಿ ಕೆಟ್ಟದ್ದು ಕಾಗುಣಿತವಲ್ಲ, ಬರೆಯುವಷ್ಟು ಹೊತ್ತು ಪದವನ್ನು ಹಿಡಿದುಕೊಳ್ಳುವ ಶಕ್ತಿ.

ಮಾವ: ಹೆಸರು ಬರೆಯಲಿಕ್ಕೆ ಆಗದಿದ್ದರೆ ಬಹಳ ಗೊತ್ತಾಯಿತು, ಸರಿ. ಬರೆದರೆ?

ಸೊಸೆ: ಏನೂ ಗೊತ್ತಾಗುವುದಿಲ್ಲ. ಸಹಿ ಕೈಗೇ ಅಂಟಿಕೊಂಡಿರುತ್ತದೆ. ಒಂದು ಪದದ ಪರೀಕ್ಷೆಯ ಮಿತಿ ಅದೇ. ಕೆಟ್ಟದ್ದು ತೋರಿದರೆ ನಂಬಬಹುದು, ಚೆನ್ನಾಗಿದ್ದರೆ ನಂಬುವ ಹಾಗಿಲ್ಲ.

ಮಾವ: ಸರಿ, ಎಂಥ ತಪ್ಪುಗಳು ನಿನಗೆ ಬೇಕು? ಅದು ಹೇಳು, ಪದ ಆಮೇಲೆ ನೋಡುವ.

ಸೊಸೆ: ಬರೆಯಲಿಕ್ಕೆ ಮಿದುಳಿಗೆ ಮುಖ್ಯವಾಗಿ ಎರಡು ದಾರಿ. ಒಂದು, ಕೇಳಿದ ಸದ್ದನ್ನು ಬಿಡಿಸಿ ಒಂದೊಂದು ಅಕ್ಷರವಾಗಿ ಬರೆಯುವುದು. ಇನ್ನೊಂದು, ಇಡೀ ಪದದ ರೂಪವನ್ನು ನೆನಪಿನಿಂದ ತೆಗೆಯುವುದು. ಮೊದಲ ದಾರಿ ಕೆಟ್ಟವರಿಗೆ ಗೊತ್ತಿಲ್ಲದ ಪದ, ಅರ್ಥವಿಲ್ಲದ ಪದ ಬರೆಯಲಾಗುವುದಿಲ್ಲ. ಎರಡನೆಯದು ಕೆಟ್ಟವರು ಎಲ್ಲವನ್ನೂ ಕಿವಿಗೆ ಬಿದ್ದ ಹಾಗೆ ಬರೆಯುತ್ತಾರೆ. ಇಂಗ್ಲಿಷಿನಲ್ಲಿ ಇದನ್ನು ಹಿಡಿಯುವುದು ಸುಲಭ, ಬರೆಯುವುದೊಂದು ಓದುವುದೊಂದು ಇರುವ ಪದ ಅಲ್ಲಿ ಬೇಕಾದಷ್ಟು. ಕನ್ನಡದಲ್ಲಿ ನಾನು ಸಿಕ್ಕಿಬಿದ್ದದ್ದು ಅಲ್ಲೇ. ನುಡಿದಂತೆ ಬರೆಯುತ್ತೇವೆ, ಹಾಗಾಗಿ ಎರಡನೆಯ ದಾರಿ ಕೆಟ್ಟರೂ ಮೊದಲನೆಯದರಲ್ಲೇ ನಡೆದುಬಿಡಬಹುದು.

ಮಾವ: ನುಡಿದಂತೆ ಬರೆಯುತ್ತೇವೆ ಅನ್ನುವುದು ಪುಸ್ತಕದ ಮಾತು ಮಾರಾಯ್ತಿ. ‘ಕೃಷಿ’ ಅಂತ ಯಾರು ನುಡಿಯುತ್ತಾರೆ? ಕೆಲವರು ‘ಕ್ರುಷಿ’, ಕೆಲವರು ‘ಕ್ರಿಷಿ’. ವಟ್ರಸುಳಿ ಬರೆದವನು ಕಿವಿಯಿಂದ ಬರೆದದ್ದಲ್ಲ, ಕಣ್ಣಿನ ನೆನಪಿನಿಂದ. ‘ಚಿಹ್ನೆ’ ತಗೋ, ಬಾಯಲ್ಲಿ ‘ಚಿನ್ಹೆ’. ‘ಬ್ರಹ್ಮ’ದ ಹಕಾರ ಮಕಾರ ಬಾಯಲ್ಲಿ ಅದಲುಬದಲು. ‘ಋಣ’, ‘ಶೇಷ’, ‘ವಿಷಯ’… ಶಕಾರ ಷಕಾರ ಬೇರೆ ಬೇರೆಯಾಗಿ ನುಡಿಯುವ ಹುಡುಗರು ನನ್ನ ತರಗತಿಯಲ್ಲಿ ಒಬ್ಬಿಬ್ಬರು ಇದ್ದಾರು. ಆದರೂ ಬರೆಯುತ್ತಿದ್ದರು. ನಿನಗೆ ಬೇಕಾದ ಪದ ಇವೇ ಅಲ್ವಾ?

ಸೊಸೆ: ಇವೇ! ಇದನ್ನು ಬರೆದುಕೊಳ್ಳುತ್ತೇನೆ ಮಾವ. ಇನ್ನೊಂದು ಬಗೆಯದ್ದೂ ಬೇಕು. ಬರೆಯುವಷ್ಟು ಹೊತ್ತು ಅಕ್ಷರಗಳನ್ನು ಸಾಲಾಗಿ ಹಿಡಿದಿಡುವ ಜಾಗವೊಂದಿದೆ, ಅದು ಸೋರಿದರೆ ಪದ ಉದ್ದವಾದಷ್ಟೂ ತಪ್ಪು ಹೆಚ್ಚು. 1987ರಲ್ಲಿ ಕರಮಾಜಾ ಮತ್ತು ಸಂಗಡಿಗರು ಇಟಲಿಯ ಒಬ್ಬ ರೋಗಿಯಲ್ಲಿ ಇದನ್ನು ಬಿಡಿಸಿ ತೋರಿಸಿದರು. ಅರ್ಥವಿರುವ ಪದ, ಅರ್ಥವಿಲ್ಲದ ಪದ, ಎರಡರಲ್ಲೂ ಅದೇ ಬಗೆಯ ತಪ್ಪು.

ಮಾವ: ಉದ್ದದ ಪದಕ್ಕೆ ಕನ್ನಡದಲ್ಲಿ ಬಡತನ ಇಲ್ಲ. ‘ಹೊರಡುವವರಿಗೆ’, ‘ನೆರೆಮನೆಯವರಿಂದ’. ಒಂದೇ ಉಸಿರಿನಲ್ಲಿ ಹೇಳಬಹುದು, ಕಷ್ಟದ ಅಕ್ಷರ ಒಂದೂ ಇಲ್ಲ, ಬರೀ ಉದ್ದ. ಒತ್ತಕ್ಷರದ್ದು ಬೇರೆ ಗುಂಪು ಮಾಡು, ದೀರ್ಘದ್ದು ಬೇರೆ. ಈಗ ಹೇಳು, ಮೂವತ್ತು ಪದ ಹೊಡೆದರೆ ನಿನಗೆ ನಷ್ಟ ಎಷ್ಟು? ಅದಕ್ಕೆ ಲೆಕ್ಕ ಉಂಟಾ, ಬರೀ ಅಂದಾಜಾ?

ಸೊಸೆ: ಲೆಕ್ಕ ಇದೆ. 1910ರಲ್ಲಿ ಸ್ಪಿಯರ್‌ಮನ್, ಬ್ರೌನ್ ಎಂಬಿಬ್ಬರು ಬೇರೆ ಬೇರೆಯಾಗಿ ಒಂದೇ ಸೂತ್ರಕ್ಕೆ ಬಂದರು. ಪರೀಕ್ಷೆ ಎಷ್ಟು ನಂಬಲರ್ಹ ಅನ್ನುವುದನ್ನು ಸೊನ್ನೆಯಿಂದ ಒಂದರವರೆಗಿನ ಸಂಖ್ಯೆಯಲ್ಲಿ ಹೇಳುತ್ತೇವೆ. 40 ಪದದ ಪಟ್ಟಿ 0.90 ಇದೆ ಅಂತ ಇಟ್ಟುಕೊಳ್ಳಿ. ಅದೇ ಗುಣದ ಪದಗಳಲ್ಲಿ 20 ಉಳಿಸಿದರೆ 0.82. ಹತ್ತೇ ಉಳಿಸಿದರೆ 0.69.

ಮಾವ: ಕಾಲು ಭಾಗಕ್ಕೆ ಇಳಿಸಿದರೂ ಮುಕ್ಕಾಲಿನಷ್ಟು ಉಳಿಯಿತಲ್ಲ. ಲಾಭವೇ.

ಸೊಸೆ: ಕಾಣುವುದು ಹಾಗೆ. ಒಬ್ಬ ಮನುಷ್ಯನ ಹತ್ತಿರ ಕೂತಾಗ ಬೇರೆ. ಸರಾಸರಿ ಅಂಕ 100, ಸಾಮಾನ್ಯ ಏರಿಳಿತ 15 ಇರುವ ಅಳತೆಯಲ್ಲಿ ಒಬ್ಬರಿಗೆ 80 ಬಂತು ಅನ್ನಿ. 40 ಪದದ ಪಟ್ಟಿಯಲ್ಲಿ ಆ 80ರ ಅರ್ಥ, ನಿಜವಾದ ಮಟ್ಟ ಸುಮಾರು 71ರಿಂದ 89ರ ಒಳಗೆ ಎಲ್ಲೋ ಇದೆ ಅಂತ. ಹತ್ತು ಪದದ ಪಟ್ಟಿಯಲ್ಲಿ ಅದೇ 80 ಅಂದರೆ 63ರಿಂದ 97. ತೊಂದರೆ ಖಂಡಿತ ಇದೆ ಅಂತಲೂ ಹೇಳಬಹುದು, ಎಲ್ಲರಂತೆಯೇ ಇದ್ದಾರೆ ಅಂತಲೂ ಹೇಳಬಹುದು. ಸಾವಿರ ಜನರ ಸರಾಸರಿ ಬೇಕಾದ ಸಂಶೋಧಕರಿಗೆ ಹತ್ತು ಪದ ಸಾಕು. ಎದುರಿಗೆ ಕೂತ ಒಬ್ಬರ ಬಗ್ಗೆ ಹೇಳಬೇಕಾದ ನನಗೆ ಸಾಲದು.

ಮಾವ: ಹಾಗಾದರೆ ನೀನೇ ನಿನ್ನ ಮಾತಿಗೆ ಅಡ್ಡ ಬಂದೆ. ದಣಿಯಬಾರದು ಅಂದವಳೂ ನೀನೇ, ಹತ್ತು ಸಾಲದು ಅಂದವಳೂ ನೀನೇ.

ಸೊಸೆ: ಅದಕ್ಕೇ ನಿಮ್ಮನ್ನು ಕರೆದದ್ದು. ಸೂತ್ರ ಹೇಳುವುದು ಕಣ್ಣುಮುಚ್ಚಿ ಹೊಡೆದುಹಾಕಿದರೆ ಏನಾಗುತ್ತದೆ ಅಂತ. ಆರಿಸಿ ಉಳಿಸಿದರೆ ನಷ್ಟ ಕಡಿಮೆ. ಎಲ್ಲರೂ ಸರಿ ಬರೆಯುವ ಪದ, ಎಲ್ಲರೂ ತಪ್ಪು ಬರೆಯುವ ಪದ, ಇವುಗಳಿಂದ ಒಬ್ಬರಿಗೂ ಇನ್ನೊಬ್ಬರಿಗೂ ವ್ಯತ್ಯಾಸ ಗೊತ್ತಾಗುವುದಿಲ್ಲ, ತೆಗೆಯಬಹುದು. ಪಟ್ಟಿಯ ಒಟ್ಟು ಅಂಕ ಹೆಚ್ಚು ಇರುವವರು ಸರಿ ಮಾಡಿ, ಕಡಿಮೆ ಇರುವವರು ತಪ್ಪು ಮಾಡುವ ಪದ ಬೆಲೆಯುಳ್ಳದ್ದು. ಕಂಪ್ಯೂಟರಿಗೆ ಉತ್ತರಗಳನ್ನು ಕೊಟ್ಟರೆ ಅಂಥ ಪದಗಳನ್ನು ಕ್ಷಣದಲ್ಲಿ ಹೆಕ್ಕಿಕೊಡುತ್ತದೆ.

ಮಾವ: ಯಾರ ಉತ್ತರಗಳನ್ನು ಕೊಡುತ್ತೀ?

ಸೊಸೆ: ಮೊದಲು ಆರೋಗ್ಯವಂತರದ್ದು.

ಮಾವ: ತಡಿ. ಆರೋಗ್ಯವಂತರು ‘ಮನೆ’, ‘ನೀರು’ ತಪ್ಪು ಬರೆಯುವುದೇ ಇಲ್ಲ. ನಿನ್ನ ಕಂಪ್ಯೂಟರ್ ಮೊದಲು ಅದನ್ನೇ ಹೊಡೆಯುತ್ತದೆ. ನಾಳೆ ಸ್ಟ್ರೋಕ್ ಆದವನು ಬಂದು ಕೂತರೆ ಅವನಿಗೆ ‘ಮನೆ’ಯಿಂದಲೇ ಶುರು ಆಗಬೇಕು. ಇಲ್ಲದಿದ್ದರೆ ಮೊದಲನೇ ಪದಕ್ಕೇ ಸೋತು, ಪೆನ್ಸಿಲ್ ಕೆಳಗಿಡುತ್ತಾನೆ. ಇನ್ನೊಂದು ಕೇಳು, ಇದು ಅದಕ್ಕಿಂತ ದೊಡ್ಡದು. ಆರೋಗ್ಯವಂತರನ್ನು ಎರಡು ಪಾಲು ಮಾಡುವ ಪದ ಯಾವುದು ಹೇಳು? ಮಹಾಪ್ರಾಣದ್ದು. ‘ಸಂಘ’, ‘ವ್ಯಾಧಿ’, ‘ಅಭಿಮಾನ’. ಪುಸ್ತಕ ಇರುವ ಮನೆಯಲ್ಲಿ ಬೆಳೆದವನು ಸರಿ ಬರೆಯುತ್ತಾನೆ. ನಾಲ್ಕನೇ ಕ್ಲಾಸು ಮುಗಿಸಿ ಊರಿನಿಂದ ಬಂದು, ಹೋಟೆಲಿನಲ್ಲಿ ಕೆಲಸ ಮಾಡುತ್ತ ಇಲ್ಲಿಯ ಕನ್ನಡ ರಾತ್ರಿ ಶಾಲೆಯಲ್ಲಿ ಕಲಿತವನು ‘ಸಂಗ’ ಅಂತ ಬರೆಯುತ್ತಾನೆ. ಅವನ ಮನೆಮಾತು ತುಳು, ಬಾಯಿಗೆ ಮಹಾಪ್ರಾಣ ಬಂದದ್ದೇ ಇಲ್ಲ. ಈಚೆಗೆ ಕಲಬುರಗಿ, ಯಾದಗಿರಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರದ್ದೂ ಅದೇ ಕಥೆ. ನೀನು ಹತ್ತೇ ಪದ ಉಳಿಸಿ, ಅದರಲ್ಲಿ ಆರು ಇಂಥವಾದರೆ, ಅದು ಮಿದುಳಿನ ಪರೀಕ್ಷೆಯಲ್ಲ, ಅಪ್ಪನ ಮನೆಯಲ್ಲಿ ಎಷ್ಟು ಪುಸ್ತಕ ಇತ್ತು ಅಂತ ಕೇಳುವ ಪರೀಕ್ಷೆ.

ಸೊಸೆ: …ಇದು ನನಗೆ ಈ ರೀತಿ ಹೊಳೆದಿರಲಿಲ್ಲ. ನಲವತ್ತರಲ್ಲಿ ಇಂಥ ಆರು ಪದ ಇದ್ದರೆ ಉಳಿದವು ಅದನ್ನು ತೂಗಿಸುತ್ತವೆ. ಹತ್ತರಲ್ಲಿ ಆರು ಅಂದರೆ ತೀರ್ಪೇ ಅವುಗಳದ್ದು.

ಮಾವ: ಮಹಾಪ್ರಾಣ ಬೇಡ ಅನ್ನುತ್ತಿಲ್ಲ ನಾನು. ಎರಡನೆಯ ದಾರಿ ಕೆಟ್ಟದ್ದನ್ನು ಹಿಡಿಯಲಿಕ್ಕೆ ಅದೂ ಬೇಕು. ಆದರೆ ಆ ಮನುಷ್ಯ ಮೊದಲು ಸರಿ ಬರೆಯುತ್ತಿದ್ದನೋ ಇಲ್ಲವೋ ನೋಡು. ಹಳೆಯ ಲೆಕ್ಕದ ಪುಸ್ತಕ, ಊರಿಗೆ ಬರೆದ ಕಾಗದ, ಏನಾದರೂ ಇದ್ದೇ ಇರುತ್ತದೆ. ಮೊದಲೂ ‘ಸಂಗ’ ಅಂತಲೇ ಬರೆದಿದ್ದರೆ ಈಗ ಬರೆದದ್ದಕ್ಕೆ ರೋಗದ ಹೆಸರು ಕೊಡಬೇಡ.

ಸೊಸೆ: ಬಾಂದ್ರಾದಲ್ಲಿ ಇದು ಇನ್ನೂ ಗೋಜಲು. ಮನೆಯಲ್ಲಿ ತುಳು, ಗಲ್ಲಾದಲ್ಲಿ ಹಿಂದಿ, ಲೆಕ್ಕ ಕನ್ನಡದಲ್ಲಿ, ಮಕ್ಕಳಿಗೆ ಮೊಬೈಲಿನಲ್ಲಿ ಕಳಿಸುವ ಸಂದೇಶ ಇಂಗ್ಲಿಷ್ ಅಕ್ಷರದಲ್ಲಿ. ಯಾವುದರಲ್ಲಿ ಬರೆಸಬೇಕು ಅಂತ ಕೇಳಿಯೇ ತಿಳಿಯಬೇಕು. ಸಿದ್ಧ ಪಟ್ಟಿ ಸಿಗುವುದು ಇಂಗ್ಲಿಷಿನದ್ದು ಅನ್ನುವ ಕಾರಣಕ್ಕೆ ಇಂಗ್ಲಿಷ್ ಬರೆಸಿದರೆ ಆ ಫಲಿತಾಂಶಕ್ಕೆ ಅರ್ಥವೇ ಇಲ್ಲ.

ಮಾವ: ಮಕ್ಕಳಿಗೂ ಹೀಗೇ ಚಿಕ್ಕ ಪಟ್ಟಿ ಮಾಡುತ್ತೀಯಾ?

ಸೊಸೆ: ಅಲ್ಲಿ ನಾನು ತುಂಬ ಬಿಗಿ. ಮಹಾರಾಷ್ಟ್ರ ಸರ್ಕಾರ 1996ರಿಂದ ಕಲಿಕೆಯ ತೊಂದರೆಯ ಮಕ್ಕಳಿಗೆ ಪರೀಕ್ಷೆಯಲ್ಲಿ ಹೆಚ್ಚು ಸಮಯ, ಕಾಗುಣಿತದ ತಪ್ಪಿಗೆ ವಿನಾಯಿತಿ ಕೊಡುತ್ತಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಈ ತೊಂದರೆಯೂ ಸೇರಿತು. 2018ರ ಜನವರಿಯಲ್ಲಿ ಬಂದ ಮಾರ್ಗಸೂಚಿಯಲ್ಲಿ ನಿಮ್ಹಾನ್ಸ್ ಪರೀಕ್ಷೆಗಳ ಹೆಸರಿತ್ತು. 8 ವರ್ಷ ತುಂಬಿದ ಮೇಲೆ ಪ್ರಮಾಣಪತ್ರ, 14ಕ್ಕೆ ಮತ್ತು 18ಕ್ಕೆ ಮರುಪರೀಕ್ಷೆ ಅಂತ ಅದರಲ್ಲಿತ್ತು. ಅಂಥ ಕಾಗದಕ್ಕೆ ಹತ್ತು ಪದದ ಮೇಲೆ ಸಹಿ ಹಾಕಲಾರೆ. ಶಾಲೆಯಲ್ಲಿ ಯಾವ ಮಗುವನ್ನು ಮುಂದಕ್ಕೆ ಪರೀಕ್ಷಿಸಬೇಕು ಅಂತ ಸೋಸಲಿಕ್ಕೆ ಚಿಕ್ಕದು ಸಾಕು. ಮಾನೇಸರದ ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರ 2015ರಲ್ಲಿ ಹೊರತಂದ ‘ಡಾಲಿ’ಯಲ್ಲಿ ಹೀಗೆ ಎರಡು ಹಂತ ಇದೆ, ಮೊದಲು ಸೋಸುವುದು, ಆಮೇಲೆ ಪೂರ್ತಿ ಪರೀಕ್ಷೆ. ಹಿಂದಿ, ಮರಾಠಿ, ಇಂಗ್ಲಿಷ್ ಜೊತೆ ಕನ್ನಡದಲ್ಲೂ ಇದೆ.

ಮಾವ: ಒತ್ತಕ್ಷರ ಎಲ್ಲ ಮಕ್ಕಳಿಗೂ ನಿಧಾನ. ಎರಡನೇ ಕ್ಲಾಸಿನಲ್ಲಿ ತಪ್ಪಿದ್ದಕ್ಕೆ ನಾನು ಯಾರಿಗೂ ಹೊಡೆದವನಲ್ಲ.

ಸೊಸೆ: ಸೋನಾಲಿ ನಾಗ್ ಎಂಬ ಸಂಶೋಧಕಿ ಕನ್ನಡ ಮಕ್ಕಳ ಅಕ್ಷರ ಕಲಿಕೆಯ ಬಗ್ಗೆ 2007ರಲ್ಲಿ ಬರೆದದ್ದೂ ಅದನ್ನೇ. ಪೂರ್ತಿ ಅಕ್ಷರ ಕೈಗೆ ಹತ್ತಲಿಕ್ಕೆ ಮೂರು–ನಾಲ್ಕನೇ ತರಗತಿಯವರೆಗೂ ಬೇಕಾಗುತ್ತದೆ. ಇಂಗ್ಲಿಷಿನ ಅಂದಾಜಿನಲ್ಲಿ ಕನ್ನಡದ ಮಗುವನ್ನು ಅಳೆಯುವ ಹಾಗಿಲ್ಲ.

ಮಾವ: ಮಾರ್ಕು ಹೇಗೆ ಹಾಕುತ್ತೀ? ಪದಕ್ಕೆ ಒಂದಾ?

ಸೊಸೆ: ಈವರೆಗೆ ಹಾಗೇ. ಸರಿಯಾದರೆ ಒಂದು, ತಪ್ಪಾದರೆ ಸೊನ್ನೆ.

ಮಾವ: ‘ವಿದ್ಯಾರ್ಥಿ’ ಹೇಳಿ ಬರೆಸು. ಒಬ್ಬ ‘ವಿಧ್ಯಾರ್ಥಿ’ ಬರೆದ, ಅದು ದೊಡ್ಡ ಅಂಗಡಿಯ ಬೋರ್ಡಿನಲ್ಲೂ ಉಂಟು. ಇನ್ನೊಬ್ಬ ‘ವಿದ್ಯಾರ್ತಿ’. ಮೂರನೆಯವ ನಡುವಿನದ್ದು ನುಂಗಿ ‘ವಿರ್ಥಿ’ ಬರೆದ. ಮೂವರಿಗೂ ಸೊನ್ನೆಯಾ? ಮೊದಲಿನ ಇಬ್ಬರು ಮೇಷ್ಟ್ರ ಹತ್ತಿರ ಹೋಗಬೇಕಾದವರು, ಮೂರನೆಯವನು ನಿನ್ನ ಹತ್ತಿರ ಬರಬೇಕಾದವನು.

ಸೊಸೆ: ಅಕ್ಷರಕ್ಕೊಂದು ಅಂಕ ಕೊಟ್ಟು, ಪಕ್ಕದಲ್ಲಿ ತಪ್ಪಿನ ಬಗೆಯನ್ನೂ ಗುರುತು ಹಾಕಿಕೊಂಡರೆ, ಹತ್ತರ ಬದಲು ಹದಿನೈದು ಪದ ಉಳಿಸಿದರೆ ಅದರಲ್ಲೇ ಐವತ್ತು ಅರವತ್ತು ಅಕ್ಷರದ ಮಾಹಿತಿ ಸಿಗುತ್ತದೆ. ಪದ ಕಡಿಮೆಯಾದರೂ ಹಾಳೆಯಲ್ಲಿ ಓದಲಿಕ್ಕೆ ಬೇಕಾದಷ್ಟು ಇರುತ್ತದೆ. ಒಂದು ಎಚ್ಚರಿಕೆ ಮಾತ್ರ: ಒಂದೇ ಪದದ ಅಕ್ಷರಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ, ಒಂದು ಎಡವಿದರೆ ಮುಂದಿನದೂ ಎಡವುತ್ತದೆ. ಅರವತ್ತು ಅಕ್ಷರ ಅಂದರೆ ಅರವತ್ತು ಬೇರೆ ಬೇರೆ ಪ್ರಶ್ನೆ ಕೇಳಿದ ಹಾಗೆ ಅಂತ ಸೂತ್ರಕ್ಕೆ ಹಾಕುವ ಹಾಗಿಲ್ಲ.

ಮಾವ: ಬಲಗೈ ಬಿದ್ದುಹೋದವನಿಗೆ ಬಾಯಲ್ಲೇ ಹೇಳಿಸಬಹುದಲ್ಲ.

ಸೊಸೆ: ಇಂಗ್ಲಿಷಿನಲ್ಲಿ ಅಭ್ಯಾಸ ಇದೆ. 1975ರಲ್ಲಿ ಫೋಲ್‌ಸ್ಟೀನ್ ಮತ್ತು ಸಂಗಡಿಗರು ಮಾಡಿದ ಚಿಕ್ಕ ಪರೀಕ್ಷೆಯಲ್ಲಿ ‘ವರ್ಲ್ಡ್’ ಪದದ ಐದು ಅಕ್ಷರಗಳನ್ನು ಹಿಂದಿನಿಂದ ಮುಂದಕ್ಕೆ ಹೇಳಿಸುತ್ತಾರೆ. ಕನ್ನಡದಲ್ಲಿ ‘ಕನ್ನಡ’ವನ್ನು ತಿರುಗಿಸಿದರೆ ‘ಡ, ನ್ನ, ಕ’, ಮೂರೇ ಹೆಜ್ಜೆ. ಅದೂ ಅಲ್ಲದೆ ಅದು ಗಮನದ ಪರೀಕ್ಷೆ, ಕಾಗುಣಿತದ್ದಲ್ಲ. ಓದು ಬಾರದವರಿಗಾಗಿ ಹಿಂದಿಯಲ್ಲಿ ಇಂಥ ಪರೀಕ್ಷೆ ಮಾಡಿದಾಗ ವಾರದ ದಿನಗಳನ್ನು ಹಿಂದುಮುಂದಾಗಿ ಹೇಳಿಸಿದರು.

ಮಾವ: ನಮ್ಮಲ್ಲಿ ‘ಕ ಗುಡಿಸು ಕಿ, ಕ ಕೊಂಬು ಕು’ ಅಂತ ಹಾಡುತ್ತಿದ್ದರು, ಆದರೆ ಅದು ಬಾಯಿಪಾಠ. ಬಿಡಿ ಅಕ್ಷರದ ರಟ್ಟಿನ ತುಂಡು ಮಾಡಿ ಜೋಡಿಸಲಿಕ್ಕೆ ಕೊಡು. ಕೈ ನಡುಗಿದರೂ ತೊಂದರೆ ಇಲ್ಲ.

ಸೊಸೆ: ಮಾಡಬಹುದು. ಆಗ ಅದರ ಅಂಕಗಳನ್ನು ಬರಹದ ಅಂಕಗಳ ಜೊತೆ ಸೇರಿಸದೆ ಬೇರೆಯೇ ಇಡುತ್ತೇನೆ. ಇನ್ನೊಂದು ತಪ್ಪು ನನ್ನಿಂದ ಆಗಬಾರದು. ಈಗಾಗಲೇ ನಲವತ್ತು ಪದ ಬರೆದವರ ಹಾಳೆಯಿಂದಲೇ ಹದಿನೈದು ಆರಿಸಿ, ಎರಡೂ ಅಂಕ ಹೋಲಿಸಿ, ಚಿಕ್ಕದು ದೊಡ್ಡದರಷ್ಟೇ ಚೆನ್ನಾಗಿದೆ ಅಂದುಬಿಡುವುದು ಸುಲಭ. ಆ ಹದಿನೈದು ಪದ ಎರಡರಲ್ಲೂ ಇದ್ದಾವೆ, ಹೊಂದಲೇಬೇಕು. ಸ್ಮಿತ್, ಮೆಕಾರ್ತಿ, ಆಂಡರ್ಸನ್ ಎಂಬ ಮೂವರು 2000ದಲ್ಲಿ ಇಂಥ ತಪ್ಪುಗಳನ್ನೇ ಪಾಪಗಳು ಅಂತ ಕರೆದು ಒಂದು ಲೇಖನ ಬರೆದರು. ಚಿಕ್ಕ ಪಟ್ಟಿಯನ್ನು ಬೇರೆ ಜನರಿಗೆ, ಚಿಕ್ಕದಾಗಿಯೇ ಕೊಟ್ಟು ನೋಡಬೇಕು. ಅಂದರೆ ರೋಗಿಗೆ ಹತ್ತು ನಿಮಿಷ ಉಳಿಸಲಿಕ್ಕೆ ನಾನು ತಿಂಗಳುಗಟ್ಟಲೆ ದುಡಿಯಬೇಕು. ಆರಿಸಿಕೊಳ್ಳಲಿಕ್ಕೆ ನಲವತ್ತು ಪದ ಕೂಡ ಕಡಿಮೆ. ಮೊದಲು ನೂರಕ್ಕೆ ಏರಿಸಿ ಆಮೇಲೆ ಇಳಿಸಬೇಕು.

ಮಾವ: ಹಾಗೆ ಹೇಳು. ಚಿಕ್ಕದು ಮಾಡುವ ಕಷ್ಟ ನಮ್ಮದಾಗಲಿ, ಕಾಯಿಲೆಯವನದ್ದು ಯಾಕೆ? ಮತ್ತೆ ಪಟ್ಟಿ ಒಂದೇ ಸಾಲದು, ಜೋಡಿ ಬೇಕು. ಮೂರು ತಿಂಗಳ ಮೇಲೆ ಮತ್ತೆ ಬರೆಸುತ್ತೀಯಲ್ಲ? ಅಷ್ಟರಲ್ಲಿ ಮನೆಯವರು ಆ ಹದಿನೈದು ಪದ ದಿನಾ ಬರೆಸಿ ಕಲಿಸಿರುತ್ತಾರೆ. ಪ್ರೀತಿಯಿಂದಲೇ ಮಾಡುತ್ತಾರೆ. ನಿನಗೆ ಗುಣವಾದ ಹಾಗೆ ಕಾಣುತ್ತದೆ.

ಸೊಸೆ: ಎರಡು ಪಟ್ಟಿ, ಕಷ್ಟ ಒಂದೇ ಮಟ್ಟದ್ದು. ತೊಂದರೆ ಇದೆ, ಇಲ್ಲ ಅನ್ನುವ ಗೆರೆಯ ಹತ್ತಿರ ಅಂಕ ಬಂದವರಿಗೆ ಇನ್ನೊಂದು ದಿನ ಎರಡನೆಯದನ್ನೂ ಕೊಟ್ಟು ಕೂಡಿಸಿಕೊಳ್ಳಬಹುದು. ತೀರಾ ಚೆನ್ನಾಗಿರುವವರಿಗೆ, ತೀರಾ ಕೆಟ್ಟಿರುವವರಿಗೆ ಒಂದೇ ಸಾಕು.

ಮಾವ: ಆರೋಗ್ಯವಂತರನ್ನು ನಾನು ಹುಡುಕಿಕೊಡುತ್ತೇನೆ. ಮಧ್ಯಾಹ್ನದ ಊಟದ ಗಲಾಟೆ ಮುಗಿದು ಸಂಜೆಯ ಚಹಾಕ್ಕೆ ಮೊದಲು ಹೋಟೆಲಿನವರಿಗೆ ಬಿಡುವು. ನನ್ನ ಹಳೆಯ ವಿದ್ಯಾರ್ಥಿಗಳು ಬಾಂದ್ರಾದಿಂದ ಸಾಂತಾಕ್ರೂಜ್‌ವರೆಗೆ ಇದ್ದಾರೆ. ಕಲಿತವರನ್ನು ಮಾತ್ರ ಹಿಡಿಯಬೇಡ, ನಾಲ್ಕನೇ ಕ್ಲಾಸಿಗೆ ಬಿಟ್ಟವರನ್ನೂ ಕೂರಿಸು. ಹಾಳೆಯ ತಲೆಯಲ್ಲಿ ನಾಲ್ಕು ಕಲಂ ಹಾಕು: ಎಷ್ಟು ವರ್ಷ ಶಾಲೆ, ಯಾವ ಮಾಧ್ಯಮ, ಮನೆಮಾತು ಏನು, ಕೆಲಸದಲ್ಲಿ ಏನು ಬರೆಯುತ್ತಿದ್ದರು. ಅಂಕ ಅದರ ಕೆಳಗೆ.

ಸೊಸೆ: ಪದ ಹೇಳುವವರು ನೀವೇ ಆಗುತ್ತೀರಾ?

ಮಾವ: ಬೇಡ. ಮೇಷ್ಟ್ರು ಹೇಳುವಾಗ ‘ಸಂಘ’ದ ಘಕಾರಕ್ಕೆ ಒತ್ತು ಬೀಳುತ್ತದೆ, ‘ವಿಷ’ದ ಷಕಾರಕ್ಕೆ ನಾಲಿಗೆ ಮಡಚುತ್ತದೆ. ಉತ್ತರ ಅದರಲ್ಲೇ ಇರುತ್ತದೆ. ದಿನಾ ಮಾತಾಡುವ ಹಾಗೆ ಹೇಳುವ ಒಬ್ಬರ ದನಿ ರೆಕಾರ್ಡ್ ಮಾಡು, ಎಲ್ಲರಿಗೂ ಅದನ್ನೇ ಕೇಳಿಸು.

ಸೊಸೆ: ಒಮ್ಮೆ ಪದ, ಆ ಪದ ಇರುವ ಒಂದು ವಾಕ್ಯ, ಮತ್ತೆ ಪದ. ವಾಕ್ಯಗಳನ್ನು ನೀವು ಬರೆದುಕೊಡಿ.

ಮಾವ: ನೂರು ಪದಕ್ಕೆ ನೂರು ವಾಕ್ಯ ತಾನೇ? ಭಾನುವಾರದೊಳಗೆ ಕೊಡುತ್ತೇನೆ. ಹೋಟೆಲು, ರೈಲು, ಮಳೆ, ಊರು, ಎಲ್ಲರೂ ಬಲ್ಲ ಸಂಗತಿಯೇ ಇರಲಿ; ವಾಕ್ಯ ಅರ್ಥವಾಗದೆ ಯಾರೂ ಪದ ತಪ್ಪಬಾರದು.